ಅರ್ಧ ದಿನದಲ್ಲಿ ಸನ್ನತಿ ಮತ್ತು ಕನಗನಹಳ್ಳಿ: ಮಾರ್ಗದರ್ಶಿಯೊಡನೆ ಹೋಗುವುದು ಸಾರ್ಥಕವೇ?

ಕಚೇರಿ ಕೆಲಸದ ಮೇಲೆ ಕಲಬುರಗಿಗೆ ಬರುವ ತಮಗೆ ಅರ್ಧ ದಿನದ ಬಿಡುವು ಸಿಗಲಿದೆಯೆಂದೂ, ವಯಸ್ಸಾದ ತಂದೆಯವರೂ ಜೊತೆಗಿರುತ್ತಾರೆಂದೂ ತಿಳಿಸಿ, ಆ ಸಮಯದಲ್ಲಿ ಮಾರ್ಗದರ್ಶಿಯೊಬ್ಬರ ಜೊತೆ ಸನ್ನತಿಗೆ ಹೋಗುವುದು ಸಾರ್ಥಕವೇ, ಇಲ್ಲವೇ ಕೆಲವರು ಹೇಳುವಂತೆ ಅಲ್ಲಿ ಒಡೆದ ಕಲ್ಲುಗಳನ್ನು ಬಿಟ್ಟರೆ ಬೇರೇನೂ ಇಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ ಬನ್ನಿ. ಆದರೆ ಮಾರ್ಗದರ್ಶಿ ಇಲ್ಲದೆ ಹೋಗಬೇಡಿ, ಮತ್ತು ಮಾರ್ಗದರ್ಶಿಯನ್ನು ಆರಿಸುವಾಗ ಅಶೋಕನ ಕಾಲದ ಲಿಪಿಯಾದ ಬ್ರಾಹ್ಮಿಯ ಅಕ್ಷರಗಳನ್ನು ತೋರಿಸಿ ಓದಿ ಹೇಳಬಲ್ಲವರನ್ನೇ ಆರಿಸಿಕೊಳ್ಳಿ. ಹಂಪಿಯನ್ನೋ ಬೀದರ ಕೋಟೆಯನ್ನೋ ವಿವರಣೆಯಿಲ್ಲದೆಯೂ ಕಣ್ತುಂಬ ನೋಡಬಹುದು. ಅಶೋಕನ ಶಾಸನ ಸಿಕ್ಕ ಸನ್ನತಿ ಮತ್ತು ಅದರ ಪಕ್ಕದ, ಬೌದ್ಧ ಸ್ತೂಪವಿರುವ ಕನಗನಹಳ್ಳಿ ಹಾಗಲ್ಲ. ಅಲ್ಲಿ ಎತ್ತರವಾಗಿ ನಿಂತದ್ದು ಕಡಿಮೆ, ಬರೆದಿಟ್ಟದ್ದು ಹೆಚ್ಚು. ನಾನು ಕಲಬುರಗಿಯವನೇ ಆಗಿದ್ದೂ, ನಿವೃತ್ತ ಇತಿಹಾಸ ಅಧ್ಯಾಪಕರೊಬ್ಬರು ಸಣ್ಣ ಗುಂಪೊಂದನ್ನು ಕರೆದುಕೊಂಡು ಹೊರಟಾಗ ಅವರ ಜೊತೆ ಹೋದ ಮೇಲೆಯೇ ಆ ಸ್ಥಳದ ಮಹತ್ವ ನನಗೆ ಮನದಟ್ಟಾಯಿತು. ಆ ಬಳಿಕ ನೆಂಟರಿಷ್ಟರು ಬಂದಾಗಲೆಲ್ಲ ಅವರನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೇನೆ.

ಸನ್ನತಿ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ಎಡದಂಡೆಯ ಮೇಲಿರುವ ಹಳ್ಳಿ. ನಮ್ಮ ಕಡೆಯ ಬಹುಪಾಲು ಜನರಿಗೆ ಅದು ಮೊದಲು ಚಂದ್ರಲಾಂಬಾ ದೇವಿಯ ಕ್ಷೇತ್ರ. ಕರ್ನಾಟಕದಿಂದಷ್ಟೇ ಅಲ್ಲದೆ ಮಹಾರಾಷ್ಟ್ರದಿಂದಲೂ ಆಕೆಯನ್ನು ಕುಲದೇವತೆಯಾಗಿ ನಂಬಿದ ಕುಟುಂಬಗಳು ವರ್ಷವಿಡೀ ಬಂದು ಹೋಗುತ್ತವೆ. ಇಲ್ಲಿನ ಪ್ರಾಚೀನ ಅವಶೇಷಗಳತ್ತ 1950ರ ದಶಕದಲ್ಲಿ ವಿದ್ವಾಂಸರ ಗಮನವನ್ನು ಸೆಳೆದವರು ಕಪಟರಾಳ ಕೃಷ್ಣರಾಯರು. ಸನ್ನತಿಯ ಹೆಸರು ದೇಶದಾಚೆಗೂ ತಲುಪಿದ್ದು ಮಾತ್ರ 1980ರ ದಶಕದಲ್ಲಿ. ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿಕಾ ದೇವಿಯ ಗುಡಿಯ ಚಾವಣಿ ಕುಸಿದಾಗ, ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಚಪ್ಪಡಿಯ ಎರಡೂ ಮಗ್ಗುಲಲ್ಲಿ ಅಕ್ಷರಗಳಿರುವುದು ಬೆಳಕಿಗೆ ಬಂತು, ಓದಿ ನೋಡಿದಾಗ ಅವು ಮೌರ್ಯ ಚಕ್ರವರ್ತಿ ಅಶೋಕನ ಧರ್ಮಲಿಪಿಗಳು, ಅಂದರೆ ಧರ್ಮದ ಕುರಿತು ಅವನು ಬರೆಸಿದ ಶಾಸನಗಳು ಎಂಬುದು ಖಚಿತವಾಯಿತು. ಮೂರ್ತಿಯನ್ನು ನಿಲ್ಲಿಸಲು ಯಾರೋ ಎಂದೋ ಚಪ್ಪಡಿಯ ನಡುವೆ ಆಯತಾಕಾರದ ಕುಳಿ ಕೊರೆದಿದ್ದರಿಂದ ಕೆಲವು ಸಾಲುಗಳ ನಡುಭಾಗ ನಷ್ಟವಾಗಿದೆ. ಆದರೂ ಆ ಕಲ್ಲು ಶತಮಾನಗಳ ಕಾಲ ಪೀಠವಾಗಿ ಗುಡಿಯೊಳಗೆ ಇದ್ದುದರಿಂದಲೇ ಇಷ್ಟಾದರೂ ಉಳಿದುಬಂದಿದೆ ಎಂದು ನನಗೆ ಅನ್ನಿಸುತ್ತದೆ.

ಈ ಚಪ್ಪಡಿಯ ಬಗ್ಗೆ ಮಾರ್ಗದರ್ಶಿ ಆತುರದಿಂದ ಎರಡು ಮಾತು ಹೇಳಿ ಮುಂದೆ ಸಾಗಲು ಬಿಡಬೇಡಿ. ಕರ್ನಾಟಕದಲ್ಲಿ ಅಶೋಕನ ಶಾಸನಗಳು ಮಸ್ಕಿ, ಕೊಪ್ಪಳ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ನಿಟ್ಟೂರು, ಉಡೇಗೊಳ ಮುಂತಾದೆಡೆ ಸಿಕ್ಕಿವೆ. ಅವೆಲ್ಲ ಕಿರು ಶಿಲಾಶಾಸನಗಳು. ದೊಡ್ಡ ಶಿಲಾಶಾಸನಗಳ ಪಾಠ ನಮ್ಮ ರಾಜ್ಯದಲ್ಲಿ ದೊರೆತಿರುವುದು ಸನ್ನತಿಯಲ್ಲಿ. ಈ ಚಪ್ಪಡಿಯ ಮೇಲಿರುವುದು ಆ ದೊಡ್ಡ ಶಾಸನಗಳ ಸರಣಿಯ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳು ಹಾಗೂ ‘ಪ್ರತ್ಯೇಕ ಶಾಸನ’ಗಳೆಂದು ವಿದ್ವಾಂಸರು ಕರೆಯುವ ಎರಡು ಶಾಸನಗಳು, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಉಳಿದ ಶಾಸನಗಳು ಬೇರೆ ಚಪ್ಪಡಿಗಳ ಮೇಲೆ ಇದ್ದಿರಬೇಕೆಂಬುದು ವಿದ್ವಾಂಸರ ಊಹೆ. ಈ ಪ್ರತ್ಯೇಕ ಶಾಸನಗಳು ಅದಕ್ಕೆ ಮೊದಲು ತಿಳಿದಿದ್ದುದು ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ, ಅಂದರೆ ಅಶೋಕ ಯುದ್ಧ ಮಾಡಿ ಗೆದ್ದ ಕಳಿಂಗದಲ್ಲಿ ಮಾತ್ರ. ಅವುಗಳಲ್ಲಿ ಒಂದು, ನ್ಯಾಯ ನೀಡುವ ಅಧಿಕಾರಿಗಳು ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು, ಹಿಂಸಿಸಬಾರದು, ಈರ್ಷ್ಯೆ, ಸಿಟ್ಟು, ಕ್ರೌರ್ಯ, ಆತುರ, ಆಲಸ್ಯಗಳಿಂದ ದೂರವಿರಬೇಕು ಎಂದು ಆದೇಶಿಸುತ್ತದೆ. ಇನ್ನೊಂದು, ಗಡಿಯಾಚೆಗಿನ ಗೆಲ್ಲದ ಜನರು ನನ್ನನ್ನು ಕಂಡು ಹೆದರದಿರಲಿ, ನನ್ನಿಂದ ಅವರಿಗೆ ಸುಖವೇ ಹೊರತು ದುಃಖವಾಗದು ಎಂದು ನಂಬಿಕೆ ಹುಟ್ಟಿಸುವಂತೆ ಹೇಳುತ್ತದೆ. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂಬ ಪ್ರಸಿದ್ಧ ಮಾತು ಬರುವುದು ಈ ಶಾಸನಗಳಲ್ಲಿಯೇ. ಕಳಿಂಗದ ಜನರಿಗಾಗಿ ಬರೆಸಿದವು ಎಂದು ತಿಳಿಯಲಾಗಿದ್ದ ಈ ಮಾತುಗಳು ಭೀಮೆಯ ದಂಡೆಯಲ್ಲಿಯೂ ಕಾಣಿಸಿಕೊಂಡದ್ದು ಏಕೆ ಎಂಬ ಪ್ರಶ್ನೆಯನ್ನು ತಮ್ಮ ಮಾರ್ಗದರ್ಶಿಯ ಮುಂದಿಡಿ. ಇದು ದಕ್ಷಿಣದ ಗಡಿಯ ಪ್ರದೇಶವಾಗಿತ್ತು, ಇಲ್ಲಿಯೂ ಅದೇ ಭರವಸೆ ಬೇಕಾಗಿತ್ತು ಎಂದು ನಮ್ಮ ಅಧ್ಯಾಪಕರು ತಮ್ಮ ಅಭಿಪ್ರಾಯವನ್ನು ಅಭಿಪ್ರಾಯವೆಂದೇ ತಿಳಿಸಿ ಹೇಳಿದ್ದರು.

ಹನ್ನೆರಡನೆಯ ಶಾಸನವಂತೂ ನನಗೆ ಬಹಳ ಪ್ರಿಯವಾದದ್ದು. ದಾನ ಮತ್ತು ಪೂಜೆಗಳಿಗಿಂತ ಎಲ್ಲ ಪಂಥಗಳ ಸಾರ ಬೆಳೆಯುವುದು ಮುಖ್ಯ, ಅದಕ್ಕೆ ಮೂಲ ಮಾತಿನ ಸಂಯಮ, ತನ್ನ ಪಂಥವನ್ನು ಹೊಗಳಿ ಪರರ ಪಂಥವನ್ನು ಹೀಗಳೆಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯಬೇಕು ಎಂಬುದು ಅದರ ಸಾರಾಂಶ. ಹದಿನಾಲ್ಕನೆಯದರಲ್ಲಿ, ಈ ಧರ್ಮಲಿಪಿಗಳನ್ನು ಕೆಲವೆಡೆ ಸಂಕ್ಷೇಪವಾಗಿಯೂ ಕೆಲವೆಡೆ ವಿಸ್ತಾರವಾಗಿಯೂ ಬರೆಸಲಾಗಿದೆ, ಎಲ್ಲಿಯಾದರೂ ಅಪೂರ್ಣವಾಗಿದ್ದರೆ ಅದು ಲಿಪಿಕಾರನ ತಪ್ಪಿನಿಂದಲೂ ಆಗಿರಬಹುದು ಎಂಬ ಮಾತಿದೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಅರಸನೊಬ್ಬ ತನ್ನ ಆಜ್ಞೆಯ ಕೊನೆಯಲ್ಲಿ ಬರೆಯುವವನ ಕೈತಪ್ಪಿನ ಬಗ್ಗೆಯೂ ಯೋಚಿಸಿದ್ದಾನೆ ಎಂಬುದನ್ನು ಕೇಳಿದಾಗ ನಮ್ಮ ಗುಂಪಿನಲ್ಲಿದ್ದ ಕಾಲೇಜು ಹುಡುಗರು ಮೊಬೈಲ್ ಒಳಗಿಟ್ಟು ಹತ್ತಿರ ಬಂದು ನಿಂತರು.

ಇನ್ನು ಕನಗನಹಳ್ಳಿ. ಸನ್ನತಿಯಿಂದ ಕೆಲವೇ ಕಿಲೋಮೀಟರ್ ದೂರದ ಈ ಸ್ಥಳದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು 1994ರಿಂದ 2001ರ ನಡುವೆ ಉತ್ಖನನ ನಡೆಸಿ ಬೌದ್ಧ ಮಹಾಸ್ತೂಪವೊಂದನ್ನು, ಅಂದರೆ ಬೌದ್ಧರು ಪೂಜಿಸುತ್ತಿದ್ದ ಗುಮ್ಮಟದಾಕಾರದ ದೊಡ್ಡ ಸ್ಮಾರಕವನ್ನು, ಹೊರತೆಗೆಯಿತು. ಆ ಕೆಲಸದ ನೇತೃತ್ವ ವಹಿಸಿದವರು ಪುರಾತತ್ವಜ್ಞ ಕೆ. ಪಿ. ಪೂಣಚ್ಚ. ತಮ್ಮ ಅರ್ಧ ದಿನದ ಹೆಚ್ಚಿನ ಪಾಲು ಇಲ್ಲಿಗೇ ಮೀಸಲಿರಲಿ. ಕಲಬುರಗಿ ನಗರದ ಬುದ್ಧ ವಿಹಾರವನ್ನು ನೋಡಿ ಬಂದವರು ಇಲ್ಲಿಯೂ ಅಂಥ ಎತ್ತರದ ಗುಮ್ಮಟವನ್ನು ನಿರೀಕ್ಷಿಸಿ ಬರುತ್ತಾರೆ. ಕಾಣುವುದು ಬೇರೆ: ಸ್ತೂಪದ ದುಂಡನೆಯ ತಳಭಾಗ, ನಾಲ್ಕು ದಿಕ್ಕುಗಳಲ್ಲಿ ಮುಂಚಾಚಿದ ಆಯಕ ವೇದಿಕೆಗಳು (ಕಂಬಗಳನ್ನು ನಿಲ್ಲಿಸುತ್ತಿದ್ದ ಜಗುಲಿಗಳು), ಪ್ರದಕ್ಷಿಣ ಪಥ, ಮತ್ತು ಸ್ತೂಪದ ಮೈಗೆ ಹೊದಿಸಿದ್ದ, ಈಗ ಬಿಡಿಬಿಡಿಯಾದ ಶಿಲ್ಪಫಲಕಗಳು. ಸ್ತೂಪ ಕುಸಿದಾಗ ಫಲಕಗಳು ಅದರ ಸುತ್ತಲೇ ಬಿದ್ದು ಮಣ್ಣಿನಡಿ ಮುಚ್ಚಿಹೋಗಿದ್ದವು. ಅಮರಾವತಿಯ ಸ್ತೂಪದ ಫಲಕಗಳು ಚೆನ್ನೈ ಮತ್ತು ಲಂಡನ್ನಿನ ವಸ್ತುಸಂಗ್ರಹಾಲಯಗಳಿಗೆ ಹಂಚಿಹೋದದ್ದನ್ನು ಬಲ್ಲವರಿಗೆ, ಅದೇ ಶೈಲಿಗೆ ಹತ್ತಿರದ ಇಷ್ಟೊಂದು ಶಿಲ್ಪಗಳು ತಮ್ಮ ಸ್ತೂಪದ ಬಳಿಯೇ ಉಳಿದಿರುವುದು ಎಂಥ ಭಾಗ್ಯ ಎಂಬುದು ಅರ್ಥವಾಗುತ್ತದೆ. ಕಲ್ಲು ಇಲ್ಲಿನದೇ ಸುಣ್ಣದ ಕಲ್ಲು. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಪರಸಿ ಕಲ್ಲು ಯಾವ ಭೀಮಾ ಕಣಿವೆಯದೋ ಅದೇ ಕಣಿವೆಯ, ನಯವಾಗಿ ಉಳಿ ತಗಲುವ ಆ ಬೂದು ಕಲ್ಲಿನ ಮೇಲೆ ಸರಿಸುಮಾರು ಕ್ರಿಸ್ತಪೂರ್ವ ಒಂದನೆಯ ಶತಮಾನದಿಂದ ಕ್ರಿಸ್ತಶಕ ಮೂರನೆಯ ಶತಮಾನದವರೆಗೆ ಶಿಲ್ಪಿಗಳು ಕೆಲಸ ಮಾಡಿದ್ದಾರೆ.

ಇಲ್ಲಿನ ಫಲಕಗಳಲ್ಲಿ ಲೋಕಪ್ರಸಿದ್ಧವಾದದ್ದು ಅಶೋಕನದು. ಅರಸ ನಿಂತಿದ್ದಾನೆ, ಪಕ್ಕದಲ್ಲಿ ರಾಣಿ ಇದ್ದಾಳೆ, ಸುತ್ತ ಪರಿಚಾರಿಕೆಯರಿದ್ದಾರೆ, ಒಬ್ಬಳು ಛತ್ರಿ ಹಿಡಿದಿದ್ದಾಳೆ, ಚಾಮರವೂ ಇದೆ. ನಡುಬಿಸಿಲಿನಲ್ಲಿ ನೋಡಿದರೆ ಇಷ್ಟೇ ಕಾಣುವುದು, ಏಕೆಂದರೆ ನೇರ ಬೆಳಕಿನಲ್ಲಿ ಈ ಕಲ್ಲಿನ ಮೇಲಿನ ತೆಳುವಾದ ಗೆರೆಗಳು ಹಿನ್ನೆಲೆಯಲ್ಲಿ ಕರಗಿಬಿಡುತ್ತವೆ. ನಮ್ಮನ್ನು ಕರೆದೊಯ್ದ ಅಧ್ಯಾಪಕರು ಒಂದು ಕೈಯಲ್ಲಿ ಕೊಡೆ ಬಿಚ್ಚಿ ಕಲ್ಲಿಗೆ ನೆರಳು ಮಾಡಿ, ಇನ್ನೊಂದು ಕೈಯಲ್ಲಿ ಸಣ್ಣ ಬ್ಯಾಟರಿಯನ್ನು ಕಲ್ಲಿನ ಮೈಗೆ ತಾಗದಂತೆ ಪಕ್ಕದಿಂದ ಓರೆಯಾಗಿ ಹಿಡಿದರು. ಆಗ ಐದು ಅಕ್ಷರಗಳು ಒಂದೊಂದಾಗಿ ಮೇಲೆದ್ದವು: ರಾ, ಯೋ, ಅ, ಸೋ, ಕೋ. ಕೂಡಿಸುವ ಗುರುತಿನಂತೆ ಅಡ್ಡಗೆರೆ ಉದ್ದಗೆರೆ ಸೇರಿದ್ದೇ ‘ಕ’, ಅದರ ತಲೆಯ ಮೇಲಿನ ಗೀಟು ‘ಓ’ ಸ್ವರದ್ದು ಎಂದು ಅವರು ಬಿಡಿಸಿ ಹೇಳಿದ ಮೇಲೆ, ನಮ್ಮಲ್ಲಿ ಬ್ರಾಹ್ಮೀ ಲಿಪಿಯನ್ನು ಅದುವರೆಗೆ ನೋಡದವರೂ ಆ ಹೆಸರನ್ನು ತಾವೇ ಓದಿದರು. ‘ರಾಯೋ ಅಸೋಕೋ’, ಅಂದರೆ ರಾಜ ಅಶೋಕ. ನಾವು ಬರೆಯುವ ಕನ್ನಡದ ಲಿಪಿಗೂ ಅದೇ ಬ್ರಾಹ್ಮಿಯೇ ಮೂಲ. ಆ ಐದು ಅಕ್ಷರಗಳ ಮುಂದೆ ನಿಂತ ಆ ಹೊತ್ತು ನನಗೆ ಸಿಕ್ಕ ಸಂತೋಷ ತಮಗೂ ಸಿಗಲಿ ಎಂದೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಒಂದು ಮಾತನ್ನು ಮಾತ್ರ ನೆನಪಿನಲ್ಲಿಡಬೇಕು. ಅಶೋಕ ಆಳಿದ್ದು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ, ಈ ಶಿಲ್ಪ ಮೂಡಿದ್ದು ಅವನ ಕಾಲದ ಎಷ್ಟೋ ತಲೆಮಾರುಗಳ ನಂತರ, ಮೌರ್ಯರ ಬಳಿಕ ದಖ್ಖನ್ನನ್ನು ಆಳಿದ ಶಾತವಾಹನರ ಕಾಲದಲ್ಲಿ. ಆದ್ದರಿಂದ ಇದು ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಕಡೆದ ರೂಪವಲ್ಲ, ಅವನನ್ನು ನೆನೆದು ಕಡೆದ ರೂಪ. ಸಾಂಚಿಯ ತೋರಣಗಳಲ್ಲಿ ಅಶೋಕನೆಂದು ಗುರುತಿಸಲಾಗುವ ಶಿಲ್ಪಗಳಿದ್ದರೂ ಅವುಗಳ ಬಳಿ ಅವನ ಹೆಸರಿಲ್ಲ, ಇಲ್ಲಿ ಹೆಸರೇ ಇದೆ ಎಂಬುದೇ ಕನಗನಹಳ್ಳಿಯ ಹಿರಿಮೆ. ‘ಅಶೋಕನ ನಿಜವಾದ ಮುಖ ಇದು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ. ಹಾಗೆಯೇ ಅಶೋಕ ಸ್ವತಃ ಸನ್ನತಿಗೆ ಬಂದಿದ್ದ ಎಂದು ಹೇಳುವವರೂ ಇದ್ದಾರೆ, ಆ ಚಪ್ಪಡಿಯ ಶಾಸನಗಳು ಹಾಗೆ ಹೇಳುವುದಿಲ್ಲ. ಇರುವ ಸಂಗತಿಯೇ ಇಷ್ಟು ದೊಡ್ಡದಾಗಿರುವಾಗ ಅದಕ್ಕೆ ಇಲ್ಲದ್ದನ್ನು ಸೇರಿಸುವ ಅಗತ್ಯವೇನೂ ಇಲ್ಲ.

ಅಶೋಕನ ಫಲಕವನ್ನು ನೋಡಿ, ಫೋಟೋ ತೆಗೆದುಕೊಂಡು ಹಿಂದಿರುಗುವವರೇ ಹೆಚ್ಚು. ಆದರೆ ಶಾತವಾಹನ ಅರಸರ ಫಲಕಗಳೂ ಅಷ್ಟೇ ಮಹತ್ವದವು. ಪುರಾಣಗಳ ವಂಶಾವಳಿಗಳಲ್ಲಿಯೂ ನಾಣ್ಯಗಳಲ್ಲಿಯೂ ಹೆಸರಾಗಿಯಷ್ಟೇ ತಿಳಿದಿದ್ದ ಅರಸರು ಇಲ್ಲಿ ಹೆಸರಿನ ಸಮೇತ ರೂಪ ಪಡೆದಿದ್ದಾರೆ. ಅವುಗಳಲ್ಲಿ ಒಂದು ಫಲಕದ ಬರಹ, ರಾಜ ಶಾತಕರ್ಣಿಯು ಮಹಾಚೈತ್ಯಕ್ಕೆ, ಅಂದರೆ ಈ ಸ್ತೂಪಕ್ಕೆ, ಬೆಳ್ಳಿಯ ಕಮಲಗಳನ್ನು ಅರ್ಪಿಸುತ್ತಿದ್ದಾನೆ ಎಂದು ತಿಳಿಸುತ್ತದೆ. ಬುದ್ಧನನ್ನು ತೋರಿಸುವ ಬಗೆಯನ್ನೂ ಗಮನಿಸಿ. ಕೆಲವು ಫಲಕಗಳಲ್ಲಿ ಅವನು ಬೋಧಿವೃಕ್ಷ, ಪಾದ, ಧರ್ಮಚಕ್ರ, ಬರಿದಾದ ಆಸನಗಳ ರೂಪದಲ್ಲಿದ್ದಾನೆ, ನಂತರದ ಕೆಲಸದಲ್ಲಿ ಮನುಷ್ಯರೂಪದ ಬುದ್ಧನೇ ಕಾಣಿಸಿಕೊಳ್ಳುತ್ತಾನೆ. ಹೀಗೆ ಎರಡು ಹಂತಗಳೂ ಒಂದೇ ಕಡೆ ನೋಡಸಿಗುವುದರಿಂದ, ಬುದ್ಧನ ಹಿಂದಿನ ಜನ್ಮಗಳನ್ನು ಹೇಳುವ ಜಾತಕ ಕಥೆಗಳ ಫಲಕಗಳಿಗೆ ಹೋಗುವ ಮುನ್ನ ಇದನ್ನು ವಿವರಿಸುವಂತೆ ಮಾರ್ಗದರ್ಶಿಯನ್ನು ಕೇಳಿಕೊಳ್ಳಿ.

ಇನ್ನೂ ಒಂದು ಸಂಗತಿಯನ್ನು ನಾನಂತೂ ಯಾರನ್ನೇ ಕರೆದೊಯ್ದರೂ ತಪ್ಪದೆ ತೋರಿಸುತ್ತೇನೆ. ಹಲವು ಫಲಕಗಳ ಅಂಚಿನಲ್ಲಿ, ನೋಡುವವರ ಕಣ್ಣಿಗೆ ಸುಲಭವಾಗಿ ಬೀಳದಂತೆ, ಒಂದೊಂದು ಸಾಲಿನ ದಾನಶಾಸನಗಳಿವೆ. ಕನಗನಹಳ್ಳಿಯಲ್ಲಿ ದೊರೆತ ಬರಹಗಳು ಇನ್ನೂರಕ್ಕೂ ಹೆಚ್ಚು. ಅವುಗಳನ್ನು ಒಟ್ಟುಗೂಡಿಸಿ ಮೈಕೊ ನಕಾನಿಶಿ ಮತ್ತು ಆಸ್ಕರ್ ಫಾನ್ ಹಿನ್ಯೂಬರ್ ಎಂಬ ವಿದ್ವಾಂಸರು 2014ರಲ್ಲಿ ಪ್ರಕಟಿಸಿದ್ದಾರೆ. ಭಿಕ್ಷುಗಳು, ಭಿಕ್ಷುಣಿಯರು, ವ್ಯಾಪಾರಿಗಳು, ಗೃಹಸ್ಥರು, ಅವರ ಹೆಂಡತಿ ಮಕ್ಕಳು ತಮ್ಮ ಹೆಸರು ಹೇಳಿಕೊಂಡು ‘ಇದು ನಮ್ಮ ದಾನ’ ಎಂದು ಬರೆಸಿದ್ದಾರೆ. ಈ ಮಹಾಚೈತ್ಯ ಅರಸರ ಬೊಕ್ಕಸದಿಂದ ಮಾತ್ರ ಎದ್ದದ್ದಲ್ಲ, ಇಂಥ ಕುಟುಂಬಗಳು ಒಂದೊಂದು ಕಲ್ಲಿನ ವೆಚ್ಚ ಹೊತ್ತು ಎಬ್ಬಿಸಿದ್ದು ಎಂಬುದು ಆ ಸಣ್ಣ ಸಾಲುಗಳಿಂದಲೇ ತಿಳಿಯುವುದು. ನಮ್ಮ ಊರ ಗುಡಿಯ ಮೆಟ್ಟಿಲ ಮೇಲೆ ದಾನಿಗಳ ಹೆಸರು ಕೆತ್ತಿಸುವ ರೂಢಿಯನ್ನು ನೋಡಿ ಬೆಳೆದವರಿಗೆ ಈ ಬರಹಗಳು ಪರಕೀಯ ಅನ್ನಿಸುವುದೇ ಇಲ್ಲ. ಕೇವಲ ಅರಸರ ಕಥೆ ಹೇಳಿ ಮುಗಿಸುವ ಮಾರ್ಗದರ್ಶಿಗಿಂತ, ಬಗ್ಗಿ ಕುಳಿತು ಇಂಥ ಒಂದು ಸಾಲನ್ನಾದರೂ ಓದಿ ತೋರಿಸುವ ಮಾರ್ಗದರ್ಶಿ ಮೇಲು.

ಅಂಥವರು ಎಲ್ಲಿ ಸಿಗುತ್ತಾರೆ ಎಂಬುದು ಸಹಜವಾದ ಪ್ರಶ್ನೆ. ಹಂಪಿಯಲ್ಲಿರುವಂತೆ ಪ್ರವೇಶದ್ವಾರದಲ್ಲಿಯೇ ಮಾರ್ಗದರ್ಶಿಗಳು ಕಾಯುತ್ತಿರುತ್ತಾರೆ ಎಂಬ ನಂಬಿಕೆಯಿಂದ ಹೊರಡಬೇಡಿ, ಕಲಬುರಗಿಯಲ್ಲಿಯೇ ಮೊದಲು ಗೊತ್ತುಮಾಡಿಕೊಳ್ಳಿ. ನಗರದ ಕಾಲೇಜುಗಳ ಇತಿಹಾಸ ವಿಭಾಗಗಳಲ್ಲಿ ವಿಚಾರಿಸಿದರೆ ಆಸಕ್ತ ಅಧ್ಯಾಪಕರ ಅಥವಾ ಸಂಶೋಧನಾ ವಿದ್ಯಾರ್ಥಿಗಳ ಪರಿಚಯವಾಗುತ್ತದೆ. ಟ್ರಾವೆಲ್ಸ್‌ನವರ ಮೂಲಕ ಹೋಗುವುದಾದರೆ, ವಾಹನದ ಬಾಡಿಗೆಯ ಮಾತಿಗೆ ಮುಂಚೆ ವಿವರಣೆ ನೀಡಲು ಬರುವವರೊಡನೆ ಫೋನಿನಲ್ಲಿ ಒಮ್ಮೆ ಮಾತನಾಡಿ, ಕನಗನಹಳ್ಳಿಯಲ್ಲಿ ಅಶೋಕನ ಫಲಕವನ್ನು ಬಿಟ್ಟು ಬೇರೇನು ತೋರಿಸುತ್ತೀರಿ ಎಂದು ಕೇಳಿ. ಆ ಒಂದು ಪ್ರಶ್ನೆಗೆ ಬರುವ ಉತ್ತರದಿಂದಲೇ ಅವರ ತಿಳಿವಳಿಕೆ ಗೊತ್ತಾಗುತ್ತದೆ. ನಮ್ಮ ಬಂಧುಗಳೊಡನೆ ಒಮ್ಮೆ ಬಂದಿದ್ದ ವ್ಯಕ್ತಿಯೊಬ್ಬರು ಸ್ತೂಪದ ಸುತ್ತ ಬೇಗ ಬೇಗ ಒಂದು ಸುತ್ತು ಹಾಕಿಸಿ ಹೊರಡೋಣವೆಂದರು. ಅಂಥವರ ಜೊತೆ ಹೋದವರೇ ಅಲ್ಲಿ ಕಲ್ಲುಗಳನ್ನು ಬಿಟ್ಟು ಬೇರೇನೂ ಇಲ್ಲ ಎಂದು ಬರೆಯುತ್ತಾರೆ ಎಂಬುದು ನನ್ನ ಭಾವನೆ.

ದಾರಿ ಮತ್ತು ವೇಳೆಯ ವಿಚಾರ ಸರಳ. ಕಲಬುರಗಿಯಿಂದ ಶಹಾಬಾದ, ವಾಡಿ, ನಾಲವಾರ ಮಾರ್ಗವಾಗಿ ಹೋದರೆ ಕಾರಿನಲ್ಲಿ ಒಂದೂವರೆ ಗಂಟೆಯ ಆಸುಪಾಸು ಹಿಡಿಯುತ್ತದೆ. ನಾಲವಾರದಲ್ಲಿ ರೈಲು ನಿಲ್ದಾಣವಿದ್ದರೂ ಅಲ್ಲಿಂದ ಮುಂದಕ್ಕೆ ವಾಹನ ಬೇಕೇ ಬೇಕು, ಅರ್ಧ ದಿನದ ಲೆಕ್ಕಕ್ಕೆ ರೈಲು ಹೊಂದುವುದಿಲ್ಲ. ಬೆಳಿಗ್ಗೆ ಆರೂವರೆಗೆ ಹೊರಟು, ಮೊದಲು ಕನಗನಹಳ್ಳಿಗೆ ಹೋಗಿ, ಆಮೇಲೆ ಸನ್ನತಿಯ ಗುಡಿಗೆ ಬರುವ ಕ್ರಮವನ್ನು ನಾನು ಹೇಳುತ್ತೇನೆ. ಎಳೆಬಿಸಿಲು ಓರೆಯಾಗಿ ಬೀಳುವಾಗ ಅಕ್ಷರಗಳೂ ಶಿಲ್ಪಗಳೂ ಚೆನ್ನಾಗಿ ಕಾಣುತ್ತವೆ, ಹೊತ್ತೇರಿದ ಮೇಲೆ ತೆರೆದ ಬಯಲಿನಲ್ಲಿ ನಿಲ್ಲುವುದೂ ಕಷ್ಟ. ನವೆಂಬರಿನಿಂದ ಫೆಬ್ರವರಿಯವರೆಗೆ ಹಿತವಾದ ಕಾಲ, ಆಗ ದಾರಿಯ ಎರಡೂ ಬದಿಗೆ ತೊಗರಿ ಹೊಲಗಳೂ ನೋಡಲು ಸಿಗುತ್ತವೆ. ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲಿನಲ್ಲಿ ಹಿರಿಯರನ್ನು ಕರೆದೊಯ್ಯುವುದು ಬೇಡವೇ ಬೇಡ. ಮಳೆಗಾಲದಲ್ಲಿ ಇಲ್ಲಿನ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಜಾರುತ್ತದೆ, ಆದ್ದರಿಂದ ಮಳೆ ಬಿದ್ದ ಮರುದಿನದ ಪ್ರಯಾಣವನ್ನು ಮುಂದಕ್ಕೆ ಹಾಕಿ. ತಂದೆಯವರ ವಿಷಯದಲ್ಲಿ ಚಿಂತೆ ಬೇಡ: ಬೆಟ್ಟ ಹತ್ತುವುದಿಲ್ಲ, ನೆಲ ಬಹುಮಟ್ಟಿಗೆ ಸಮನಾಗಿದೆ. ಹಿಡಿತವಿರುವ ಚಪ್ಪಲಿ, ಕೊಡೆ, ಬೇಕಾದಷ್ಟು ಕುಡಿಯುವ ನೀರು, ಮಡಿಸುವ ಸಣ್ಣ ಕುರ್ಚಿಯೊಂದು ಇದ್ದರೆ ಅವರು ಕುಳಿತೇ ವಿವರಣೆಯನ್ನು ಕೇಳಬಹುದು. ತಿಂಡಿಯನ್ನು ಊರಿನಿಂದಲೇ ಕಟ್ಟಿಸಿಕೊಂಡು ಹೋಗಿ, ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ ಮಧ್ಯಾಹ್ನದವರೆಗೂ ಕೆಡುವುದಿಲ್ಲ.

ಇದೇ ದಿನ ಕಲಬುರಗಿ ಕೋಟೆ, ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಗುಡಿ ಎಲ್ಲವನ್ನೂ ಸೇರಿಸಿ ‘ಪ್ಯಾಕೇಜ್’ ಮಾಡಿಕೊಡುವವರಿದ್ದಾರೆ. ಅವೆಲ್ಲವೂ ನೋಡತಕ್ಕವೇ, ಆದರೆ ಸನ್ನತಿಯ ದಿನ ಬೇಡ. ಸನ್ನತಿಯಲ್ಲಿಯೇ ರಣಮಂಡಲವೆಂದು ಕರೆಯುವ, ಕೋಟೆಯಿಂದ ಆವೃತವಾಗಿದ್ದ ಪ್ರಾಚೀನ ವಸತಿಯ ಪ್ರದೇಶವಿದೆ. ಸ್ತೂಪದ ಸುತ್ತ ಒಂದು ದೊಡ್ಡ ಪಟ್ಟಣವೇ ಇತ್ತು ಎಂಬುದು ಅದನ್ನು ನೋಡಿದರೆ ಮನವರಿಕೆಯಾಗುತ್ತದೆ, ಸಮಯ ಉಳಿದರೆ ಅಲ್ಲಿಗೆ ಹೋಗಿ. ಇತ್ತೀಚಿನ ವರ್ಷಗಳಲ್ಲಿ ಪುರಾತತ್ವ ಇಲಾಖೆಯು ಕನಗನಹಳ್ಳಿಯಲ್ಲಿ ಸಂರಕ್ಷಣೆಯ ಕೆಲಸವನ್ನು ಕೈಗೊಂಡಿದ್ದು, ಕೆಲಸ ನಡೆಯುವಾಗ ಕೆಲವು ಫಲಕಗಳು ಮುಚ್ಚಿರಬಹುದು ಅಥವಾ ಸ್ಥಳಾಂತರಗೊಂಡಿರಬಹುದು. ಅಶೋಕನ ಫಲಕ ಮತ್ತು ಶಾಸನದ ಚಪ್ಪಡಿ ಆ ದಿನ ನೋಡಲು ಸಿಗುತ್ತವೆಯೇ ಎಂಬುದನ್ನು ಹೊರಡುವ ಮುನ್ನವೇ ಮಾರ್ಗದರ್ಶಿಯ ಮೂಲಕ ತಿಳಿದುಕೊಳ್ಳಿ. ಅಕ್ಷರ ಸ್ಪಷ್ಟವಾಗಲೆಂದು ಕಲ್ಲಿನ ಮೇಲೆ ನೀರು ಚಿಮುಕಿಸುವುದು, ಸುಣ್ಣದ ಕಡ್ಡಿಯಿಂದ ತಿದ್ದುವುದು, ಬೆರಳಿನಿಂದ ಉಜ್ಜುವುದು ಯಾರಿಂದಲೂ ಆಗಬಾರದು. ಮಾರ್ಗದರ್ಶಿಯೇ ಹಾಗೆ ಮಾಡಲು ಹೊರಟರೂ ದಯವಿಟ್ಟು ತಡೆಯಿರಿ. ಸುಣ್ಣದ ಕಲ್ಲು ಗಟ್ಟಿಯಾಗಿ ಕಂಡರೂ ಅದರ ಮೇಲ್ಮೈ ಬೇಗ ಸವೆಯುತ್ತದೆ.

ಮಧ್ಯಾಹ್ನ ಊರಿಗೆ ಮರಳಿದ ಮೇಲೆ ತಮ್ಮ ಕೆಲಸದ ನಡುವೆ ಮತ್ತೊಂದು ಗಂಟೆ ಬಿಡುವಾದರೆ, ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಹಳೆಯ ಗುಮ್ಮಟದ ಕಟ್ಟಡಗಳಲ್ಲಿರುವ ಆ ಸಂಗ್ರಹದಲ್ಲಿ ಸನ್ನತಿಯ ಬೌದ್ಧ ಶಿಲ್ಪಗಳೂ ಇವೆ. ವಾರದ ರಜೆ ಯಾವ ದಿನವೆಂದು ಮೊದಲೇ ವಿಚಾರಿಸಿಕೊಳ್ಳಿ. ಸ್ತೂಪವನ್ನು ನೋಡಿ ಬಂದ ಬಳಿಕ ಅಲ್ಲಿಗೆ ಹೋದರೆ, ಯಾವ ಕಲ್ಲು ಸ್ತೂಪದ ಯಾವ ಭಾಗಕ್ಕೆ ಹೊಂದುತ್ತಿತ್ತು ಎಂಬುದನ್ನು ತಾವೇ ಊಹಿಸಬಲ್ಲಿರಿ.